ಸಾಹೇಬರ ಗಂಟಲೂ ಹೌದಪ್ಪನ ತಂತಿಯೂ

ಸಂಗೀತದಲ್ಲಿ ಮೇಲಕ್ಕೆ ಹೋದವರ ಕಥೆ ಬರೆಯಲು ಬೇಕಾದಷ್ಟು ಜನರಿದ್ದಾರೆ. ಕೆಳಕ್ಕೆ ಇಳಿದವರ ಕಥೆ ನನ್ನ ಪಾಲಿಗೆ ಬಂದಿದೆ. ಇಳಿದವರು ಇಬ್ಬರು. ಒಬ್ಬರು ನಮ್ಮ ಅಳತೆ-ತೂಕದ ಕಚೇರಿಯ ಸಾಹೇಬರು, ಇನ್ನೊಬ್ಬ ನನ್ನ ಪಕ್ಕದ ಮೇಜಿನ ಗುಮಾಸ್ತ. ಈ ಗುಮಾಸ್ತನನ್ನು ಇಡೀ ಕಚೇರಿ ಹೌದಪ್ಪ ಎಂದೇ ಕರೆಯುತ್ತದೆ. ಸಾಹೇಬರ ಮಾತು ಮುಗಿಯುವ ಮೊದಲೇ ‘ಹೌದು ಸಾರ್’ ಎನ್ನುವುದು ಅವನ ವಿದ್ಯೆ. ಒಮ್ಮೆ ಸಾಹೇಬರು ಆಕಳಿಸಲು ಬಾಯಿ ತೆರೆದಾಗಲೂ ‘ಹೌದು ಸಾರ್’ ಅಂದುಬಿಟ್ಟಿದ್ದ.

ನಮ್ಮದು ಅಂತಿಂಥ ಕಚೇರಿಯಲ್ಲ. ಊರಿನ ಯಾವ ತಕ್ಕಡಿ ನಿಜ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ತೀರ್ಮಾನಿಸಿ ಮುದ್ರೆ ಒತ್ತುವವರು ನಾವು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡುವವರಲ್ಲ, ಅದು ಬೇರೆಯವರ ತಕ್ಕಡಿಯಲ್ಲಿದ್ದರೆ.

ಆ ವರ್ಷ ಗಡಿ ಶಾಖೆಯಲ್ಲಿ ಒಂದು ಜಾಗ ಖಾಲಿಯಾಯಿತು. ಗಡಿ ಶಾಖೆ ಎಂದರೆ ಹನ್ನೆರಡು ಗಂಟೆಯ ಬಸ್ ಪ್ರಯಾಣ, ಒಂದು ಕೋಣೆ, ಒಂದು ತಕ್ಕಡಿ, ಮಿಕ್ಕಿದ್ದೆಲ್ಲ ಗಾಳಿ. ವಾರ್ಷಿಕೋತ್ಸವ ಮುಗಿದ ಕೂಡಲೇ ಸಾಹೇಬರು ಒಬ್ಬನನ್ನು ಅಲ್ಲಿಗೆ ಕಳಿಸಬೇಕಿತ್ತು. ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು, ಹೌದಪ್ಪನದು ಮತ್ತು ನನ್ನದು. ಹೌದಪ್ಪನ ಹೆಂಡತಿ ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟು ಎಂಟು ವರ್ಷ ಕಣ್ಣು ಸವೆಸಿ ಗಿರಾಕಿಗಳನ್ನು ಸಂಪಾದಿಸಿದ್ದರು. ಗಡಿಗೆ ಹೋದರೆ ಅಂಗಡಿ ಮುಚ್ಚಬೇಕು. ನನ್ನ ಹೆಂಡತಿ ಪಕ್ಕದ ಬೀದಿಯ ಶಾಲೆಯಲ್ಲಿ ಟೀಚರ್. ನಾವು ಎರಡೂ ಸಂಸಾರದವರು ಒಂದೇ ಕಟ್ಟಡದಲ್ಲಿ ಇರುವವರು, ಕೆಳಗೆ ಅವನು, ಮೇಲೆ ನಾನು. ಇಬ್ಬರಲ್ಲಿ ಒಬ್ಬ ಉಳಿದರೆ ಇನ್ನೊಬ್ಬ ಗಂಟುಮೂಟೆ ಕಟ್ಟಬೇಕು. ಇಷ್ಟು ತಿಳಿದರೆ ಸಾಕು, ಕಥೆ ಅರ್ಥವಾಗುತ್ತದೆ.

ಒಂದು ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಸಾಹೇಬರು ಗಂಟಲು ಸರಿಮಾಡಿಕೊಂಡರು.

“ಈ ಸಲ ವಾರ್ಷಿಕೋತ್ಸವಕ್ಕೆ ದೊಡ್ಡ ಸಾಹೇಬರು ಬರ್ತಿದ್ದಾರೆ. ನಾನೇ ಬರೆದ ಒಂದು ಹಾಡು ಹಾಡೋಣ ಅಂತಿದ್ದೀನಿ. ಜೊತೆಗೆ ಗಿಟಾರ್ ನುಡಿಸೋರು ನಮ್ಮಲ್ಲಿ ಯಾರಾದ್ರೂ...”

“ಹೌದು ಸಾರ್,” ಎಂದ ಹೌದಪ್ಪ.

“...ಇದ್ದಾರಾ ಅಂತ ಕೇಳ್ತಿದ್ದೆ ಕಣ್ರೀ.”

“ನಾನೇ ಇದ್ದೀನಲ್ಲ ಸಾರ್. ಶಾಸ್ತ್ರೋಕ್ತವಾಗಿ ಕಲ್ತಿದ್ದೀನಿ.”

ಈ ಶಾಸ್ತ್ರದ ವಿಷಯ ನನಗೆ ಗೊತ್ತು. ಕಾಲೇಜಿನ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವನಿಂದ ಹನ್ನೊಂದು ದಿನ ಕಲಿತದ್ದು. ಹನ್ನೆರಡನೆಯ ದಿನ ಪಕ್ಕದ ಕೋಣೆಯವನು ಕೋಣೆ ಬದಲಾಯಿಸಿದ. ಆ ಹನ್ನೊಂದು ದಿನಗಳಲ್ಲಿ ಹೌದಪ್ಪನಿಗೆ ನಾಲ್ಕು ಕಾರ್ಡ್, ಅಂದರೆ ಕೆಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ನಾಲ್ಕು ಹಿಡಿತ, ಬಂದಿದ್ದವು. ನಾಲ್ಕನೆಯದಕ್ಕೆ ಕಿರುಬೆರಳು ಎಟುಕುತ್ತಿರಲಿಲ್ಲ, ಆದ್ದರಿಂದ ಮೂರು. ಆಮೇಲೆ ಗಿಟಾರು ಅವನ ಮನೆಯ ಬೀರುವಿನ ಮೇಲೆ ಹಳೆಯ ಸೂಟ್‌ಕೇಸಿನ ಪಕ್ಕ ಹದಿನೈದು ವರ್ಷ ಮಲಗಿತ್ತು. ಸಾಹೇಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರು ಕಲಾವಿದನನ್ನು ಕಂಡವರಂತೆ ಕೈ ಕುಲುಕಿದರು. ಗಡಿ ಶಾಖೆಯ ಗಾಳಿ ಆಗಲೇ ನನ್ನ ಕಿವಿಗೆ ಬೀಸಿದಂತಾಯಿತು.

“ನೀವು ನಿರೂಪಣೆ ಮಾಡಿ,” ಎಂದರು ಸಾಹೇಬರು ನನಗೆ. “ಅಭ್ಯಾಸಕ್ಕೂ ಬನ್ನಿ. ಹಾಡಿನ ಕಾಗದ ಹಿಡ್ಕೊಂಡು ನಿಲ್ಲೋಕೆ ಒಬ್ಬರು ಬೇಕು.”

ಒಬ್ಬನಿಗೆ ಗಿಟಾರು, ಒಬ್ಬನಿಗೆ ಕಾಗದ. ಪಟ್ಟಿಯಿಂದ ಯಾರ ಹೆಸರು ಹಾರಿಹೋಗುತ್ತದೆ ಎಂದು ಊಹಿಸಲು ಜಾತಕ ನೋಡಬೇಕಿರಲಿಲ್ಲ.

ಮೊದಲನೆಯ ಶನಿವಾರ ಸಂಜೆ ನಾಲ್ಕಕ್ಕೆ ತಕ್ಕಡಿಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಅಭ್ಯಾಸ. ಹದಿನೈದು ವರ್ಷದ ನಿದ್ದೆಯಲ್ಲಿ ಗಿಟಾರಿನ ತಂತಿಗಳು ಸಡಿಲವಾಗಿದ್ದವು. ಹೌದಪ್ಪ ಒಂದು ತಂತಿಗೆ ಇನ್ನೊಂದನ್ನು ಹೊಂದಿಸಿಕೊಂಡಿದ್ದನೇ ಹೊರತು, ಆರೂ ತಂತಿ ಒಟ್ಟಾಗಿ ಯಾವ ಶ್ರುತಿಯಲ್ಲಿ ನಿಂತಿವೆ ಎಂದು ನೋಡಿರಲಿಲ್ಲ. ಅವು ಒಗ್ಗಟ್ಟಿನಿಂದ ಒಂದು ಮೆಟ್ಟಿಲು ಕೆಳಗೆ ನಿಂತಿದ್ದವು. ಸಾಹೇಬರು ಕಣ್ಣು ಮುಚ್ಚಿ ‘ತೂಗೋಣ ನ್ಯಾಯವ ತೂಗೋಣ’ ಎಂದು ಶುರು ಮಾಡಿದರು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

ವಾಪಸು ಬರುವಾಗ ಹೌದಪ್ಪ ಗಂಭೀರವಾಗಿ ಹೇಳಿದ: “ಗಮನಿಸಿದೆಯಾ? ಸಾಹೇಬರದು ಮಂದ್ರ ಕಂಠ. ನನ್ನ ಗಿಟಾರ್ ಅವರಿಗೆ ಎತ್ತರ ಆಗ್ತಿದೆ. ಕುತ್ತಿಗೆ ಬಗ್ಗಿಸಿ ಬಗ್ಗಿಸಿ ಹಾಡಿದ್ರು ಪಾಪ. ಇನ್ನೊಂದು ಮೆಟ್ಟಿಲು ಇಳಿಸ್ತೀನಿ.”

“ಇಳಿಸು,” ಎಂದೆ. ನನ್ನ ಗಂಟೇನು ಹೋಗುತ್ತದೆ?

ಬಿರಡೆ ತಿರುಗಿಸಿ ಇಳಿಸಿದ. ತಂತಿಗಳು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದವು. ಮೀಟಿದರೆ ನಾದದ ಬದಲು ‘ಟರ್ರ್’ ಎಂದು ಕಟ್ಟಿಗೆಗೆ ಬಡಿಯುತ್ತಿದ್ದವು. ಹೀಗಾಗಿ ನಾವಿಬ್ಬರೂ ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಜಾತಿ.

“ಶ್ರುತಿ ಇಳಿಸಿದ್ರೆ ತಂತಿ ಸಡಿಲ ಆಗೋದೇ,” ಎಂದರು ಅವರು. “ದಪ್ಪ ತಂತಿ ಹಾಕಿ. ಆಗ ಇಳಿಸಿದ್ರೂ ಬಿಗಿ ಉಳಿಯುತ್ತೆ. ಈಗ ನಿಮ್ಮದು ಹತ್ತು-ನಲವತ್ತಾರು. ಇದು ತಗೊಳ್ಳಿ, ಹನ್ನೊಂದು-ಐವತ್ತೆರಡು.”

“ಐವತ್ತೆರಡು ಏನು?”

“ಇಂಚನ್ನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಐವತ್ತೆರಡು. ಅದು ದಪ್ಪ ತಂತಿಯ ದಪ್ಪ. ಹನ್ನೊಂದು ಸಣ್ಣ ತಂತಿಯದ್ದು.”

ಅಳತೆಯ ಮಾತು ಕಿವಿಗೆ ಬಿದ್ದದ್ದೇ ತಡ, ಹೌದಪ್ಪನೊಳಗಿನ ಸರ್ಕಾರಿ ನೌಕರ ಎದ್ದು ಕೂತ. ಜೇಬಿನಿಂದ ಕಚೇರಿಯ ಸ್ಕ್ರೂಗೇಜ್ ತೆಗೆದು ತಂತಿಯನ್ನು ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ ನೋಡಿದ. “ಐವತ್ತೊಂದೂವರೆ ಇದೆ,” ಎಂದ.

ಯಜಮಾನರು ಸ್ಕ್ರೂಗೇಜಿನ ಮೇಲಿದ್ದ ಇಲಾಖೆಯ ಮುದ್ರೆ ನೋಡಿದರು. ಹಣೆಯ ಕನ್ನಡಕ ತಾನಾಗಿ ಮೂಗಿಗೆ ಇಳಿಯಿತು. “ಸ್ವಾಮಿ, ತಪಾಸಣೆಗೆ ಬಂದಿದ್ದೀರಾ? ಮೊದಲೇ ಹೇಳಬಾರದಾ? ಇದು ನಾನು ಮಾಡಿದ ತಂತಿಯಲ್ಲ. ಕಂಪನಿಯಿಂದ ಬಂದ ಪೊಟ್ಟಣ ಹಾಗೇ ಕೊಡ್ತೀನಿ. ನಲವತ್ತು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ, ಒಂದು ದಿನ ಯಾರಿಗೂ ತೆಳ್ಳಗಿನ ತಂತಿ ಕೊಟ್ಟವನಲ್ಲ!” ಎಂದು ಹಿಂದಿನ ಕಪಾಟಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ತಂದು ಮುಂದೆ ಸುರಿದರು. ನಾವು ಗಿರಾಕಿಗಳು ಎಂದು ಅವರನ್ನು ನಂಬಿಸಲು ಅರ್ಧ ಗಂಟೆ ಹಿಡಿಯಿತು. ನಂಬಿದ ಮೇಲೂ ನಮ್ಮನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಮನೆಯಲ್ಲಿ ಹೊಸ ತೊಡಕು. ಗಿಟಾರಿನ ತಲೆಯ ಬುಡದಲ್ಲಿರುವ ಬಿಳಿ ಪಟ್ಟಿಯ ಗೀರುಗಳು ತೆಳ್ಳಗಿನ ತಂತಿಗೆ ಮಾಡಿದವು, ದಪ್ಪ ತಂತಿ ಅವುಗಳಲ್ಲಿ ಕೂರದು. ಹೌದಪ್ಪ ತೂಕದ ಕಲ್ಲು ತೀಡುವ ಅರ ತಂದು ಉಜ್ಜತೊಡಗಿದ. ಅವನ ಹೆಂಡತಿ ಮೆಷಿನ್ ನಿಲ್ಲಿಸಿ ನೋಡಿದರು.

“ಏನ್ರೀ ಅದು? ಸಣ್ಣ ಸೂಜಿಗೆ ಗೋಣಿ ದಾರ ಪೋಣಿಸ್ತಿದ್ದೀರಾ?”

“ನಿನಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು.”

“ದಾರ ದಪ್ಪ ಆದ್ರೆ ಸೂಜಿ ಬದಲಾಯಿಸ್ಬೇಕು ಅನ್ನೋದು ತಿಳಿಯುತ್ತಪ್ಪ,” ಎಂದು ಅವರು ಮತ್ತೆ ಮೆಷಿನ್ ತುಳಿದರು. ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಮೊದಲ ಬುದ್ಧಿವಂತಿಕೆಯ ಮಾತು ಅದು. ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡನೆಯ ಶನಿವಾರ ನಾನು ಕಾಗದ ಹಿಡಿದು ಸಾಹೇಬರ ಎದುರೇ ನಿಂತಿದ್ದೆ. ಹೌದಪ್ಪ ಮೊದಲು ತಂತಿ ಮೀಟಿದ. ಸಾಹೇಬರು ಬೆರಳಿಂದ ಒಂದು ಕಿವಿ ಮುಚ್ಚಿಕೊಂಡು, ಮಂಚದ ಕೆಳಗೆ ಚಪ್ಪಲಿ ಹುಡುಕುವವರ ಹಾಗೆ ತಮ್ಮ ಧ್ವನಿಯನ್ನು ಕೆಳಗೆ, ಇನ್ನೂ ಕೆಳಗೆ ಕಳಿಸಿ ಆ ಸ್ವರವನ್ನು ಹುಡುಕಿದರು. ಸಿಕ್ಕಿದ ಮೇಲೆ ಹಾಡು ಶುರು ಮಾಡಿದರು. ಆ ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು. ಸಾಹೇಬರದು ಮಂದ್ರ ಕಂಠವೂ ಅಲ್ಲ, ಮಣ್ಣೂ ಅಲ್ಲ. ಗಿಟಾರು ಎಲ್ಲಿದೆಯೋ ಅಲ್ಲಿಗೆ ಅವರು ಇಳಿಯುತ್ತಿದ್ದರು. ಅವರು ಇಳಿದದ್ದನ್ನು ಕಂಡು ಹೌದಪ್ಪ ಗಿಟಾರನ್ನು ಇನ್ನೂ ಇಳಿಸುತ್ತಿದ್ದ. ಕಲಾವಿದನ ಮುಂದೆ ‘ನನಗೆ ಆಗುವುದಿಲ್ಲ’ ಎನ್ನಲು ಸಾಹೇಬರಿಗೆ ಮರ್ಯಾದೆ ಅಡ್ಡ. ಸಾಹೇಬರ ಮುಂದೆ ‘ನಿಮಗೆ ಯಾವ ಶ್ರುತಿ ಸಾರ್’ ಎನ್ನಲು ಹೌದಪ್ಪನಿಗೆ ಪಟ್ಟಿ ಅಡ್ಡ.

ನಾನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಕಾಗದವನ್ನು ಇನ್ನೂ ನೆಟ್ಟಗೆ ಹಿಡಿದು ನಿಂತೆ. ಇದು ಹೀಗೇ ನಡೆದರೆ ವಾರ್ಷಿಕೋತ್ಸವದ ದಿನ ಇಬ್ಬರೂ ಎಲ್ಲಿಗೆ ಮುಟ್ಟುತ್ತಾರೆ, ಆಮೇಲೆ ಗಡಿ ಶಾಖೆಗೆ ಯಾರು ಮುಟ್ಟುತ್ತಾರೆ ಎಂಬ ಲೆಕ್ಕ ನನಗೆ ಸಿಹಿಯಾಗಿತ್ತು.

ಮೂರನೆಯ ಶನಿವಾರದ ಹೊತ್ತಿಗೆ ತಂತಿ ಹನ್ನೆರಡು-ಅರವತ್ತಕ್ಕೆ ದಪ್ಪವಾಗಿತ್ತು. ಗಿಟಾರಿನ ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ಸಾಹೇಬರ ಗಲ್ಲ ಎದೆಗೆ ತಾಗಿತ್ತು. ಫೋನಿನಲ್ಲಿಯೂ ಅವರು ಗುಹೆಯೊಳಗಿನಿಂದ ಮಾತಾಡಲು ಶುರು ಮಾಡಿದ್ದರಿಂದ, ಮನೆಯಿಂದ ಅವರ ಹೆಂಡತಿ ಕಚೇರಿಗೇ ಫೋನ್ ಮಾಡಿ “ಯಜಮಾನರಿಗೆ ಹುಷಾರಿಲ್ವಾ?” ಎಂದು ವಿಚಾರಿಸಿದರು. “ಸಾಧನೆ ಮಾಡ್ತಿದ್ದಾರಮ್ಮಾ,” ಎಂದೆ ನಾನು.

ಮತ್ತೆ ಅಂಗಡಿ. ಈ ಸಲ ಹೌದಪ್ಪ ಕಚೇರಿಯ ಹಿತ್ತಾಳೆಯ ಅಳತೆಕೋಲನ್ನೇ ತಂದಿದ್ದ.

“ಇನ್ನೂ ಎರಡು ಮೆಟ್ಟಿಲು ಇಳಿಸಬೇಕು,” ಎಂದ.

ಯಜಮಾನರು ಗಿಟಾರನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. “ಇದಕ್ಕೆ ಇನ್ನು ದಪ್ಪ ತಂತಿ ಹಾಕಿದ್ರೆ ನಾದ ಬರಲ್ಲ ಸ್ವಾಮಿ, ಬರೀ ಗೊರಕೆ ಬರುತ್ತೆ. ನಿಮಗೆ ಬೇಕಾದ್ದು ಉದ್ದ ಕುತ್ತಿಗೆಯ ಗಿಟಾರ್. ಬ್ಯಾರಿಟೋನ್ ಅಂತಾರೆ. ತಂತಿ ಉದ್ದ ಆದಷ್ಟೂ ಕೆಳಗಿನ ಶ್ರುತಿಯಲ್ಲಿ ಬಿಗಿಯಾಗಿ ನಿಲ್ಲುತ್ತೆ.”

ಯಜಮಾನರು ಅಂಥದ್ದೊಂದನ್ನು ಇಳಿಸಿಕೊಟ್ಟರು, ಹೌದಪ್ಪ ತಂತಿಯ ಉದ್ದ ಅಳೆದ. ಹಳೆಯದು ಇಪ್ಪತ್ತೈದೂವರೆ ಇಂಚು, ಇದು ಇಪ್ಪತ್ತೆಂಟು. ತೃಪ್ತಿಯಿಂದ ತಲೆಯಾಡಿಸಿದ.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದರು ಯಜಮಾನರು. “ಹಾಡೋರು ಮನುಷ್ಯರೇ ತಾನೆ?”

“ನಮ್ಮ ಸಾಹೇಬರು!”

“ಅಲ್ಲ, ಅವರಿಗೆ ಯಾವ ಶ್ರುತಿ ಹೊಂದುತ್ತೆ ಅಂತ ಅವರನ್ನೇ ಕೇಳಿದ್ರಾ?”

ಹೌದಪ್ಪ ಆ ಮನುಷ್ಯನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. “ಸಾಹೇಬರನ್ನ ಕೇಳೋದಾ? ನೀವು ಯಾವತ್ತೂ ಕಚೇರಿಯಲ್ಲಿ ಕೆಲಸ ಮಾಡಿಲ್ಲ ಅಂತ ಕಾಣುತ್ತೆ.”

ಯಜಮಾನರು ಗಿಟಾರನ್ನು ಚೀಲಕ್ಕೆ ಹಾಕಿಕೊಟ್ಟರು. ಜೊತೆಗೆ ಹದಿನಾಲ್ಕು-ಅರವತ್ತೆಂಟರ ತಂತಿ. ಆ ಅರವತ್ತೆಂಟನ್ನು ನಾನು ಮುಟ್ಟಿ ನೋಡಿದೆ. ನಮ್ಮ ಮನೆಯ ಸೈಕಲ್ಲಿನ ಬ್ರೇಕಿಗೆ ಅದು ಸರಿಯಾಗುತ್ತಿತ್ತು.

ಅಂದಿನಿಂದ ನಮ್ಮ ಕಟ್ಟಡದ ನೆಮ್ಮದಿ ಹೋಯಿತು. ಸಂಜೆಯಾದರೆ ಕೆಳಗಿನಿಂದ ‘ಗುಂಯ್’ ಎಂದು ಏಳುವ ನಾದಕ್ಕೆ ನನ್ನ ಮನೆಯ ಲೋಟಗಳು ಶೆಲ್ಫಿನ ಅಂಚಿಗೆ ನಡೆದು ಬರುತ್ತಿದ್ದವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಟ್ಟಡದ ನೀರಿನ ಮೋಟಾರು ಕೆಟ್ಟಿದೆ ಎಂದು ತೀರ್ಮಾನಿಸಿ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಗೋಡೆಗೆ ಕಿವಿ ಹಚ್ಚಿ ವೈದ್ಯನ ಹಾಗೆ ಕಣ್ಣು ಮುಚ್ಚಿದ.

“ಬೇರಿಂಗ್ ಹೋಗಿದೆ.”

“ಸ್ವಿಚ್ ಆಫ್ ಇದೆಯಲ್ಲಯ್ಯಾ?”

“ಆಫ್ ಇದ್ದಾಗಲೇ ಇಷ್ಟು ಸದ್ದು ಅಂದ್ರೆ ಪೂರ್ತಿ ಹೋಗಿದೆ ಅಂತಲೇ ಅರ್ಥ ಮೇಷ್ಟ್ರೇ,” ಎಂದು ಮೋಟಾರನ್ನು ಬಿಚ್ಚಿ ಹೊತ್ತುಕೊಂಡು ಹೋದ. ಮೂರು ದಿನ ಕಟ್ಟಡಕ್ಕೆ ನೀರಿಲ್ಲ, ನಾದ ಮಾತ್ರ ಅಖಂಡವಾಗಿತ್ತು. ಕೊಡ ಹಿಡಿದು ಬೀದಿಗೆ ಹೋಗುತ್ತಿದ್ದ ಹೌದಪ್ಪನ ಹೆಂಡತಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

“ಅಣ್ಣಾ, ನಿಜ ಹೇಳಿ. ಇವರು ಚೆನ್ನಾಗಿ ನುಡಿಸ್ತಾರಾ? ನನ್ನ ಅಂಗಡಿ ಉಳಿಯುತ್ತಾ?”

“ಬಹಳ ಆಳಕ್ಕೆ ಹೋಗಿದ್ದಾನೆ, ಅತ್ತಿಗೆ,” ಎಂದೆ. ಹೇಳಿ ಮೇಲೆ ಬಂದು ಊಟಕ್ಕೆ ಕೂತೆ. ಅಂದು ಊಟ ಅಷ್ಟು ರುಚಿಸಲಿಲ್ಲ, ಆದರೆ ಬಿಡಲೂ ಇಲ್ಲ.

ವಾರ್ಷಿಕೋತ್ಸವ ಬಂದೇಬಿಟ್ಟಿತು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೇಂದ್ರ ಕಚೇರಿಯ ದೊಡ್ಡ ಸಾಹೇಬರು. ನಾನು ಮೈಕಿನ ಮುಂದೆ “ಈಗ ಒಂದು ವಿಶೇಷ ಕಾರ್ಯಕ್ರಮ” ಎಂದಷ್ಟೇ ಹೇಳಿ ಬದಿಗೆ ಸರಿದೆ. ಹಾಡು ಎಂಬ ಮಾತನ್ನು ಬೇಕೆಂದೇ ಬಿಟ್ಟೆ, ಆಮೇಲೆ ನನ್ನ ಮೇಲೆ ಬರಬಾರದೆಂದು.

ಹೌದಪ್ಪ ಅರವತ್ತೆಂಟರ ತಂತಿಯನ್ನು ಮೀಟಿದ. ಅಂದು ಬೆಳಿಗ್ಗೆ ಕೊನೆಯ ಗಳಿಗೆಯಲ್ಲಿ, ಸಾಹೇಬರಿಗೆ ಅನುಕೂಲವಾಗಲೆಂದು, ಮತ್ತೆ ಒಂದು ಮೆಟ್ಟಿಲು ಇಳಿಸಿದ್ದನಂತೆ. ಸದ್ದೆನ್ನುವಂಥದ್ದು ಏನೂ ಬರಲಿಲ್ಲ. ನೆಲದಲ್ಲಿ ಒಂದು ನಡುಕ ಮಾತ್ರ ಹರಿಯಿತು. ಸಾಹೇಬರು ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ಒತ್ತಿ, ತಲೆ ತಗ್ಗಿಸಿ ಬಾಯಿ ತೆರೆದರು. ಬಾಯಿಂದ ಗಾಳಿ ಬಂತು, ಸ್ವರ ಬರಲಿಲ್ಲ. ಇಬ್ಬರೂ ತಲೆ ತಗ್ಗಿಸಿ ಅಲುಗಾಡದೆ ನಿಂತಿದ್ದರು. ಹೌದಪ್ಪನ ಹೆಬ್ಬೆರಳು ಮಾತ್ರ ಒಮ್ಮೊಮ್ಮೆ ಮೆಲ್ಲನೆ ಕದಲುತ್ತಿತ್ತು.

ದೊಡ್ಡ ಸಾಹೇಬರು ಒಂದು ಕ್ಷಣ ನೋಡಿದರು. ಆಮೇಲೆ ಥಟ್ಟನೆ ಎದ್ದು ಕೈ ಕಟ್ಟಿ ತಲೆ ತಗ್ಗಿಸಿ ನಿಂತರು. ಅವರು ಎದ್ದ ಮೇಲೆ ಮುಂದಿನ ಸಾಲು ಏಳದೆ ಇರುತ್ತದೆಯೇ? ಮುಂದಿನ ಸಾಲು ಎದ್ದ ಮೇಲೆ ಹಿಂದಿನವು? ಮುನ್ನೂರು ಜನ ಎದ್ದು ನಿಂತು ಮೌನ ಆಚರಿಸಿದರು. ಮೈಕಿನವನೂ ಟೊಪ್ಪಿ ತೆಗೆದ. ಹಾಡು ಮೂರು ಚರಣದ್ದು. ಅಷ್ಟೂ ಹೊತ್ತು ಸಭಾಂಗಣದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಮುಗಿದ ಮೇಲೆ ದೊಡ್ಡ ಸಾಹೇಬರು ವೇದಿಕೆ ಹತ್ತಿ ನಮ್ಮ ಸಾಹೇಬರ ಹೆಗಲ ಮೇಲೆ ಕೈಯಿಟ್ಟರು. “ನನಗೆ ಗೊತ್ತೇ ಇರಲಿಲ್ಲ ರೀ. ಯಾರು ಹೋಗಿದ್ದು? ನಮ್ಮ ಇಲಾಖೆಯವರೇನಾ?”

ಸಾಹೇಬರು ಬಾಯಿ ತೆರೆದರು. ಒಂದು ತಿಂಗಳು ಪಾತಾಳದಲ್ಲಿದ್ದ ಗಂಟಲಿನಿಂದ ಆಗಲೂ ಏನೂ ಹೊರಡಲಿಲ್ಲ. “ಹೌದು ಸಾರ್,” ಎಂದ ಹೌದಪ್ಪ.

“ಛೆ, ಛೆ,” ಎಂದು ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡು ಇಳಿದುಹೋದರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಸಾಹೇಬರು ಎರಡು ಲೋಟ ಬಿಸಿನೀರು ಕುಡಿದರು. ಆಮೇಲೆ ಅವರ ಧ್ವನಿ ವಾಪಸು ಬಂತು. ತೆಳ್ಳಗಿನ, ಚೂಪಾದ, ಕೊಳಲಿನಂಥ ಧ್ವನಿ.

“ಏನ್ರೀ ಕಲಾವಿದರೇ! ಪ್ರತಿ ವಾರ ಗಿಟಾರ್ ಇಳಿಸ್ತಾ ಹೋದ್ರಲ್ಲ, ಎಲ್ಲಿಗೆ ಅಂತ ಇಳೀಲಿ ನಾನು? ಹುಟ್ಟಿದಾಗಿನಿಂದ ನಂದು ಏರು ಕಂಠ! ಶಾಸ್ತ್ರೋಕ್ತವಾಗಿ ಕಲಿತೋರು, ಅವರಿಗೆ ಗೊತ್ತಿರುತ್ತೆ ಅಂತ ನಿಮ್ಮ ಹಿಂದೆ ಬಂದೆ!”

“ಸಾರ್!” ಹೌದಪ್ಪನಿಗೆ ಅಳುವೇ ಬಂತು. “ನೀವು ಇಳಿದ್ರಿ ಅಂತ ನಾನು ಇಳಿಸಿದೆ ಸಾರ್! ನಿಮ್ಮ ಹಿಂದೆ ನಾನು ಬಂದೆ!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೌದಪ್ಪನ ಮುಖದಲ್ಲಿ ಹೆಂಡತಿಯ ಅಂಗಡಿಯ ಬಾಗಿಲು ಮುಚ್ಚುವುದು ನನಗೆ ಚೆನ್ನಾಗಿ ಕಾಣಿಸಿತು. ಸಾಹೇಬರು ಜೇಬಿನಿಂದ ಪಟ್ಟಿ ತೆಗೆದರು, ಪೆನ್ನು ತೆಗೆದರು. ನಾನು ಬಾಯಿ ಮುಚ್ಚಿಕೊಂಡು ಗೋಡೆಯ ಸುಣ್ಣ ನೋಡುತ್ತ ನಿಂತಿದ್ದರೆ ಈ ಕಥೆ ಅಲ್ಲಿಗೆ ಸುಖಾಂತವಾಗುತ್ತಿತ್ತು.

ಆದರೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು: “ಒಂದು ತಿಂಗಳು! ಅಷ್ಟೂ ದಿನ ಒಬ್ಬನಿಗಾದ್ರೂ ಇದು ಗೊತ್ತಾಗಲಿಲ್ವಲ್ಲ! ಕಿವಿ ಅನ್ನೋದು ಇದೆಯಾ ಈ ಕಚೇರಿಯಲ್ಲಿ?”

ಇಷ್ಟು ದಿನ ಕಾಗದ ಹಿಡಿದು ನಿಂತವನು ನಾನು. ಒಬ್ಬನನ್ನು ಕಲಾವಿದ ಎಂದು ಕರೆದರು, ನನ್ನ ಕಿವಿಯನ್ನು ಯಾರೂ ಕೇಳಲಿಲ್ಲ. ಅದರ ಗೌರವ ಉಳಿಸದೆ ಹೇಗೆ ಬಿಡಲಿ?

“ನನಗೆ ಎರಡನೇ ಶನಿವಾರವೇ ಗೊತ್ತಾಗಿತ್ತು ಸಾರ್,” ಎಂದೆ, ಎದೆಯುಬ್ಬಿಸಿ.

ಸಾಹೇಬರು ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಎರಡನೇ ಶನಿವಾರವೇ?” ಎಂದರು, ಮೃದುವಾಗಿ.

ಸೋಮವಾರ ಬೆಳಿಗ್ಗೆ ಆದೇಶ ನನ್ನ ಮೇಜಿನ ಮೇಲಿತ್ತು. ಕಾರಣ ಬರೆಯುವ ಜಾಗದಲ್ಲಿ ಸಾಹೇಬರ ದುಂಡು ಅಕ್ಷರ: ‘ಇವರ ಶ್ರವಣ ಶಕ್ತಿ ಅಸಾಧಾರಣ. ಗಡಿ ಶಾಖೆಯಲ್ಲಿ ಸದ್ದು ಕಡಿಮೆ ಇರುವುದರಿಂದ ಇವರಿಗೆ ಅನುಕೂಲ.’ ಹೌದಪ್ಪನ ಹೆಂಡತಿಯ ಅಂಗಡಿ ಉಳಿಯಿತಲ್ಲ ಎಂದು ನನಗೆ ಸಂತೋಷವಾಯಿತು ಎಂದು ಇಲ್ಲಿ ಬರೆಯಬೇಕು. ಆಗಲಿಲ್ಲ. ಹೊಟ್ಟೆ ಉರಿಯಿತು. ನನ್ನ ಹೆಂಡತಿ ಶಾಲೆ ಬಿಡುವಂತಿರಲಿಲ್ಲ, ಆದ್ದರಿಂದ ಹೊರಟದ್ದು ನಾನೊಬ್ಬನೇ.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ನನ್ನ ಟ್ರಂಕು ಹೊತ್ತು ತಂದವನು ಹೌದಪ್ಪ. ಬೇಡವೆಂದರೂ ಕೇಳಲಿಲ್ಲ. ಬಸ್ಸಿನ ಮೇಲೆ ಅದನ್ನು ಕಟ್ಟಿಸಿ, ಬೆವರು ಒರೆಸಿಕೊಂಡು, ಕಿಟಕಿಯ ಕೆಳಗೆ ಬಂದು ನಿಂತ.

“ನಿನಗೆ ಗೊತ್ತಿತ್ತಲ್ಲ, ಯಾಕಯ್ಯಾ ಹೇಳ್ಲಿಲ್ಲ?” ಎಂದು ಕೇಳಿದ.

ನಾನು ಟಿಕೆಟ್ಟಿನ ಮೇಲಿನ ನಂಬರ್ ಓದತೊಡಗಿದೆ.

“ನನಗೆ ಗೊತ್ತು ಬಿಡು,” ಎಂದ ಅವನೇ. “ನನ್ನ ಮಾನ ಹೋಗುತ್ತೆ ಅಂತ ಸುಮ್ಮನಿದ್ದೆ. ಕೊನೆಗೆ ಆ ಕೋಣೆಯಲ್ಲಿ ನನ್ನ ಹೆಸರು ಬರೀತಾರೆ ಅಂತ ಗೊತ್ತಾದಾಗ, ಬೇಕಂತಲೇ ಬಾಯಿ ಬಿಟ್ಟು ನಿನ್ನ ಮೇಲೆ ಹಾಕ್ಕೊಂಡೆ. ಮನೇಲಿ ನನ್ನ ಹೆಂಡತಿಗೂ ಅದನ್ನೇ ಹೇಳಿದೆ. ರಾತ್ರಿಯೆಲ್ಲ ಅತ್ತಳು.”

ಬಸ್ಸು ಹೊರಟಿತು. ಅವನು ಕೈ ಬೀಸುತ್ತ ಸ್ವಲ್ಪ ದೂರ ಜೊತೆಯಲ್ಲೇ ಓಡಿಬಂದ. ನಾನು ಆಚೆ ಕಿಟಕಿಯ ಕಡೆ ಮುಖ ಮಾಡಿ ಕೂತೆ.